ಎಡವಿದ್ದು ಕಾಲೋ, ನಾಲಗೆಯೋ?

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯಲ್ಲಿ ಲೋಹಗಳ ಪಾಠ. 'ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿರುವ ಲೋಹ ಯಾವುದು?' ಎಂದು ಕೇಳಿದೆ. ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು 'ಪಾ... ಪಾ...' ಎಂದವನು ಅಲ್ಲೇ ಸಿಕ್ಕಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಂಟೆ ಹೊಡೆಯಲು ಎರಡೇ ನಿಮಿಷವಿತ್ತು. 'ಗೊತ್ತಿಲ್ಲದಿದ್ದರೆ ಕೂತ್ಕೋ' ಎಂದು ಪಕ್ಕದವನನ್ನು ಕೇಳಿದೆ. ಆಮೇಲೆ ಕಿರುಪರೀಕ್ಷೆಯ ಉತ್ತರ ತಿದ್ದುವಾಗ ನೋಡುತ್ತೇನೆ, ಪಾದರಸದ ಕುದಿಯುವ ಬಿಂದು 357 ಡಿಗ್ರಿ ಸೆಲ್ಸಿಯಸ್ ಎಂಬುದನ್ನೂ ಅವನು ಬರೆದಿದ್ದ! ಆದರೆ ಆ ವರ್ಷವೆಲ್ಲ ಅವನು ನನ್ನ ತರಗತಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.

ಈ ಪ್ರಸಂಗ ಮತ್ತೆ ನೆನಪಾದದ್ದು ಒಂದು ಶಬ್ದದಿಂದ. ಉಗ್ಗುವುದಕ್ಕೆ ಇಂಗ್ಲಿಷಿನಲ್ಲಿ 'ಸ್ಟ್ಯಾಮರ್' ಎನ್ನುವುದು ನಿಮಗೆ ಗೊತ್ತಿರಬಹುದು. ಇಂಗ್ಲಿಷಿನ ಸೋದರಿಯಂತಿರುವ, ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯಲ್ಲಿ ಇದೇ ಶಬ್ದಕ್ಕೆ ಎಡವು, ಮುಗ್ಗರಿಸು, ತಟ್ಟಾಡುತ್ತ ನಡೆ ಎಂಬ ಅರ್ಥ. ಅಂದರೆ ಅಲ್ಲಿ 'ಸ್ಟ್ಯಾಮರ್' ಆಗುವುದು ಕಾಲು! ಹಾಗಾದರೆ ನಾಲಗೆ ತಡವರಿಸಿದರೆ? ಅದಕ್ಕೆ ಸ್ಕಾಟರಲ್ಲಿ 'ಮ್ಯಾಂಟ್' ಎಂಬ ಬೇರೆಯೇ ಶಬ್ದವುಂಟು. ಅದು ಪಕ್ಕದ ಗೇಲಿಕ್ ಭಾಷೆಯಿಂದ ಬಂದದ್ದು.

ಮೊದಲು ಓದಿದಾಗ, ಹಳ್ಳಿಗರು ಇಂಗ್ಲಿಷ್ ಶಬ್ದವನ್ನು ತಪ್ಪಾಗಿ ಬಳಸಿದ್ದಾರೆ ಎಂದುಕೊಂಡೆ. ಹೀಗೆ ಅಂದುಕೊಂಡವನು ನಾನೊಬ್ಬನೇ ಅಲ್ಲ. ಫಾರ್ಫರ್ ಎಂಬ ಊರಿನಲ್ಲಿ ಪಾದ್ರಿಯಾಗಿದ್ದ ಜಾನ್ ಜೇಮಿಸನ್ ಎಂಬಾತನೂ ಸ್ಕಾಟ್ಸ್ ಎಂದರೆ ಕೆಟ್ಟುಹೋದ ಇಂಗ್ಲಿಷ್ ಎಂದೇ ನಂಬಿದ್ದ. ಒಮ್ಮೆ ಅವನಿಗೆ ಥಾರ್ಕೆಲಿನ್ ಎಂಬ ಐಸ್‌ಲೆಂಡಿನ ವಿದ್ವಾಂಸನ ಭೇಟಿಯಾಯಿತು. ನೀವು ಕೆಟ್ಟ ಇಂಗ್ಲಿಷ್ ಎನ್ನುವ ನೂರಾರು ಶಬ್ದಗಳು ನಮ್ಮ ಕಡೆಯ ಭಾಷೆಗಳಲ್ಲಿ ಇಂದಿಗೂ ಬದುಕಿವೆಯಲ್ಲ ಎಂದು ಅವನು ತೋರಿಸಿಕೊಟ್ಟ. ಪಾದ್ರಿ ಅಂದಿನಿಂದ ಶಬ್ದ ಕೂಡಿಹಾಕಲು ತೊಡಗಿ, 1808ರಲ್ಲಿ ಎರಡು ಸಂಪುಟಗಳ ಸ್ಕಾಟಿಷ್ ನಿಘಂಟನ್ನೇ ಹೊರತಂದ.

ನಮ್ಮ ಶಬ್ದದ ಬೇರೂ ಹಳೆಯದೇ. ಹಳೆಯ ಇಂಗ್ಲಿಷಿನಲ್ಲಿ ಅದು 'ಸ್ಟಾಮೆರಿಯನ್'. ಆಗ ಅದು ಮಾತಿಗೇ ಸೇರಿತ್ತು. ಜರ್ಮನ್ನಿನ 'ಸ್ಟಮ್ಮೆಲ್ನ್', ಅಂದರೆ ತೊದಲು, ಅದರ ದಾಯಾದಿ. ಎಡವುವುದಕ್ಕೆ ಇಂಗ್ಲಿಷಿನಲ್ಲಿರುವ 'ಸ್ಟಂಬಲ್' ಕೂಡ ಇದೇ ಕುಲದ್ದೆಂದು ಭಾಷಾಶಾಸ್ತ್ರಜ್ಞರು ಭಾವಿಸುತ್ತಾರೆ. ಮೂಲದಲ್ಲಿ ಇದ್ದದ್ದು ತಡೆ, ಅಡ್ಡಿ ಎಂಬ ಭಾವ. ಕಾಲಿಗೆ ಕಲ್ಲು ಸಿಕ್ಕರೂ ಅಷ್ಟೇ, ನಾಲಗೆಗೆ ಅಕ್ಷರ ಸಿಕ್ಕರೂ ಅಷ್ಟೇ. ನಾವಾದರೂ 'ಮಾತಿನಲ್ಲಿ ಎಡವಿದ' ಎನ್ನುವುದಿಲ್ಲವೇ?

ಆದರೆ ಒಂದು ವ್ಯತ್ಯಾಸವಿದೆ. ದಾರಿಯಲ್ಲಿ ಎಡವಿದವನನ್ನು ಕಂಡು ಇವನಿಗೆ ದಾರಿ ಗೊತ್ತಿಲ್ಲ ಎಂದು ಯಾರೂ ಹೇಳುವುದಿಲ್ಲ. 'ಅಯ್ಯೋ, ನೋಡ್ಕೊಂಡು' ಎಂದು ಕೈ ಕೊಡುತ್ತೇವೆ. ನಾಲಗೆ ಎಡವಿದವನನ್ನು ಮಾತ್ರ ನಾನು 'ಗೊತ್ತಿಲ್ಲದಿದ್ದರೆ ಕೂತ್ಕೋ' ಎಂದೆ. ವಿಜ್ಞಾನದ ಮೇಷ್ಟ್ರು ಬೇರೆ!

ಉಗ್ಗು ನಾಲಗೆಯ ದಪ್ಪದಿಂದಾಗಲಿ, ದಡ್ಡತನದಿಂದಾಗಲಿ ಬರುವುದಲ್ಲ. ಮಾತಿಗೆ ಬೇಕಾದ ಸ್ನಾಯುಗಳನ್ನು ಮಿದುಳು ಹೊತ್ತು ಹೊತ್ತಿಗೆ ಸರಿಯಾಗಿ ನಡೆಸುವ ಕೆಲಸದಲ್ಲಿ ಆಗುವ ತೊಡಕು ಅದು. ಕೆಲವು ಮನೆತನಗಳಲ್ಲಿ ಅದಕ್ಕೆ ಕಾರಣವಾಗುವ ವಂಶವಾಹಿಗಳನ್ನು 2010ರಲ್ಲಿ ಗುರುತಿಸಿದರು. ನೂರು ಮಕ್ಕಳಲ್ಲಿ ಸುಮಾರು ಐದು ಮಂದಿಗೆ ಎಳವೆಯಲ್ಲಿ ಬರುತ್ತದೆ. ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಒಬ್ಬರಿಗೆ. ಅವಸರಪಡಿಸಿದಷ್ಟೂ, ನಕ್ಕಷ್ಟೂ ಮಾತು ಇನ್ನಷ್ಟು ಕಟ್ಟುತ್ತದೆ. ಎಡವಿದ ಬೆರಳೇ ಮತ್ತೆ ಎಡವುತ್ತದೆ ಎನ್ನುವ ಹಾಗೆ, ಹೆದರಿದ ಅಕ್ಷರದಲ್ಲೇ ಹುಡುಗ ಮತ್ತೆ ಸಿಕ್ಕಿಕೊಳ್ಳುತ್ತಾನೆ.

ಮಾತು ಬರಲೆಂದು ಅಜ್ಜಿಯರು ಬಜೆ ತೇಯ್ದು ನೆಕ್ಕಿಸುವುದುಂಟು. ಅಜ್ಜಿಯರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಬಜೆಯಿಂದ ಉಗ್ಗು ಹೋಗುವುದಿಲ್ಲ. ಕೆಲವು ತಿಂಗಳಾದರೂ ಕಡಮೆಯಾಗದಿದ್ದರೆ, ಮಗು ಮಾತಾಡಲೇ ಹಿಂಜರಿಯುತ್ತಿದ್ದರೆ, ವಾಕ್ ತಜ್ಞರಿಗೆ ತೋರಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಅಲ್ಲಿಯವರೆಗೆ, ಮಗು 'ಪಾ... ಪಾ...' ಎನ್ನುವಾಗ ನೀವು 'ಪಾದರಸ' ಎಂದು ಪೂರ್ತಿಮಾಡಿಕೊಡಬೇಡಿ. ಅದರ ಮುಖ ನೋಡುತ್ತ ಸುಮ್ಮನೆ ಕಾಯಿರಿ. ಹೆಚ್ಚೆಂದರೆ ಅರ್ಧ ನಿಮಿಷ ಹಿಡಿಯುತ್ತದೆ. ಆ ದಿನ ನನ್ನ ಬಳಿ ಎರಡು ನಿಮಿಷವಿತ್ತು.