ಮಲಗಿ ಹೋಗುವ ಸೀಟು: ದರದ ಮರ್ಮ ಹತ್ತುವ ಊರಿನಲ್ಲಿ

ವಿಮಾನದ ಮೇಲ್ದರ್ಜೆಯ ಟಿಕೇಟಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 18ಕ್ಕೆ ಏರಿತು. ಇಕಾನಮಿ ದರ್ಜೆಗೆ ಮಾತ್ರ ಹಿಂದಿನಂತೆ ಶೇಕಡಾ 5 ಉಳಿಯಿತು. ಲಕ್ಷ ರೂಪಾಯಿಯ ದರಕ್ಕೆ ಹಿಂದೆ 12 ಸಾವಿರ ತೆರಿಗೆಯಾದರೆ ಈಗ 18 ಸಾವಿರ. ಬಿಸಿನೆಸ್ ಕ್ಲಾಸಿನಲ್ಲಿ ಹೋಗುವವರು ಹಣವಂತರು, ಕೊಡಲಿ ಎಂಬುದು ಇದರ ಹಿಂದಿನ ತರ್ಕ. ಮೇಲುನೋಟಕ್ಕೆ ಇದು ಸರಿಯೆಂದೇ ತೋರುತ್ತದೆ.

ಆದರೆ ಮೊನ್ನೆ ನಮ್ಮ ಕಚೇರಿಗೆ ಬಂದ ಓದುಗರೊಬ್ಬರು ಹಣವಂತರೇನೂ ಅಲ್ಲ. ಅವರ ತಾಯಿಯವರಿಗೆ ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ತಂಗಿ ಟೋಕಿಯೋದಲ್ಲಿ ನೌಕರಿಯಲ್ಲಿದ್ದಾಳೆ, ಬಾಣಂತನಕ್ಕೆ ಅಮ್ಮ ಬೇಕು. "ಅಮ್ಮನಿಗೆ ರಾತ್ರಿಯಿಡೀ ಕಾಲು ಮಡಚಿ ಕೂರಲಿಕ್ಕೆ ಆಗುವುದಿಲ್ಲ. ಮಲಗಿ ಹೋಗುವ ಸೀಟು ನಮ್ಮಂಥವರಿಗೆ ಸಿಗುವ ದಾರಿ ಉಂಟಾ?" ಎಂದು ಕೇಳಿದರು. ಮಕ್ಕಳು ಸಿಂಗಾಪುರ, ಹಾಂಗ್‌ಕಾಂಗ್, ಜಪಾನುಗಳಲ್ಲಿ ನೆಲೆಸಿರುವ ಮನೆಗಳು ನಮ್ಮ ಗ್ರಾಮಗಳಲ್ಲೂ ಹೆಚ್ಚಿವೆ. ಆದುದರಿಂದ ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಮೊದಲು ತಿಳಿಯಬೇಕಾದದ್ದು ಇಷ್ಟು: ವಿಮಾನದ ದರ ದೂರವನ್ನು ನೋಡಿ ನಿಗದಿಯಾಗುವುದಲ್ಲ. ಮಂಜೇಶ್ವರದಿಂದ ಕಾಸರಗೋಡಿಗೆ ಬರುವ ಬಸ್ಸಿನಲ್ಲಿ, ಮಂಜೇಶ್ವರದಲ್ಲಿ ಹತ್ತಿದವನಿಗಿಂತ ಕುಂಬಳೆಯಲ್ಲಿ ಹತ್ತಿದವನಿಂದ ಹೆಚ್ಚು ಹಣ ಕೇಳಿದರೆ ಕಂಡಕ್ಟರನನ್ನು ಜನ ಸುಮ್ಮನೆ ಬಿಡುವುದಿಲ್ಲ. ವಿಮಾನ ಕಂಪೆನಿಗಳು ಇದನ್ನೇ ದಿನನಿತ್ಯ ಮಾಡುತ್ತವೆ, ಯಾರೂ ಕೇಳುವುದಿಲ್ಲ. ಕೊಲಂಬೊದಲ್ಲಿ ಹತ್ತಿ ಸಿಂಗಾಪುರದಲ್ಲಿ ವಿಮಾನ ಬದಲಿಸಿ ಟೋಕಿಯೋಗೆ ಹೋಗುವವನು, ಸಿಂಗಾಪುರದಲ್ಲೇ ಹತ್ತಿ ಅದೇ ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಕುಳಿತವನಿಗಿಂತ ಕಡಿಮೆ ಕೊಟ್ಟಿರುವುದುಂಟು. ಕಾರಣ ಸರಳ. ಸಿಂಗಾಪುರದ ವ್ಯಾಪಾರಿಗೆ ಸಮಯವೇ ಹಣ. ನೇರ ವಿಮಾನಕ್ಕೆ ಅವನು, ಅಥವಾ ಅವನ ಕಂಪೆನಿ, ಕೇಳಿದ್ದನ್ನು ಕೊಡುತ್ತದೆ. ಕೊಲಂಬೊದವನು ಬ್ಯಾಂಕಾಕ್, ಕೌಲಾಲಂಪುರ, ಹಾಂಗ್‌ಕಾಂಗ್, ಸಿಂಗಾಪುರ ಯಾವುದರ ಮೂಲಕವೂ ಹೋಗಬಲ್ಲ. ಅವನನ್ನು ಸೆಳೆಯಲು ನಾಲ್ಕಾರು ಕಂಪೆನಿಗಳು ಪೈಪೋಟಿಗೆ ಇಳಿಯುತ್ತವೆ.

ನೇರ ವಿಮಾನಕ್ಕಿಂತ ಒಂದು ಕಡೆ ಇಳಿದು ಹತ್ತುವ ಮಾರ್ಗ ಅಗ್ಗವಾಗುವುದೂ ಇದೇ ನಿಯಮದಿಂದ. ಬೆಂಗಳೂರಿನಿಂದ ನಾರಿತಾಕ್ಕೆ ಜಪಾನ್ ಏರ್‌ಲೈನ್ಸಿನ ನೇರ ವಿಮಾನವಿದೆ. ಅದರ ಮೇಲ್ದರ್ಜೆಯ ದರವನ್ನು ಹಾಂಗ್‌ಕಾಂಗ್ ಅಥವಾ ಬ್ಯಾಂಕಾಕ್ ಮೂಲಕ ಹೋಗುವ ದರದೊಡನೆ ಹೋಲಿಸದೆ ಟಿಕೇಟು ಕೊಳ್ಳಬಾರದು.

ಅಗ್ಗಕ್ಕೆ ಇನ್ನೊಂದು ಮೂಲ 1944ರ ಷಿಕಾಗೊ ಸಮ್ಮೇಳನದಲ್ಲಿದೆ. ಅಲ್ಲಿ ಗುರುತಿಸಿದ ಐದು ಹಕ್ಕುಗಳಲ್ಲಿ ಐದನೆಯದು ಕುತೂಹಲಕರವಾದದ್ದು: ಒಂದು ದೇಶದ ವಿಮಾನವು ಬೇರೆ ಎರಡು ದೇಶಗಳ ನಡುವೆ ಪ್ರಯಾಣಿಕರನ್ನು ಒಯ್ಯುವ ಹಕ್ಕು. ದುಬೈಯ ಎಮಿರೇಟ್ಸ್ ಬ್ಯಾಂಕಾಕ್ ಮತ್ತು ಹಾಂಗ್‌ಕಾಂಗ್ ನಡುವೆ, ಡಚ್ಚರ ಕೆ.ಎಲ್.ಎಂ. ಸಿಂಗಾಪುರ ಮತ್ತು ಬಾಲಿಯ ನಡುವೆ, ಇಥಿಯೋಪಿಯನ್ ಏರ್‌ಲೈನ್ಸ್ ಸೋಲ್ ಮತ್ತು ಟೋಕಿಯೋ ನಡುವೆ ವಿಮಾನ ಹಾರಿಸುತ್ತ ಬಂದಿರುವುದು ಈ ಹಕ್ಕಿನಿಂದ. ದೂರ ದೇಶದಿಂದ ಬಂದ ದೊಡ್ಡ ವಿಮಾನವು ಕೊನೆಯ ಎರಡು ಮೂರು ಗಂಟೆಯ ತುಂಡಿನಲ್ಲಿ ಅರ್ಧ ಖಾಲಿ ಹೋಗುವುದಕ್ಕಿಂತ ಸಿಕ್ಕಿದ ದರಕ್ಕೆ ಸೀಟು ಮಾರುವುದು ಲೇಸಲ್ಲವೇ? ಸ್ಥಳೀಯ ಕಂಪೆನಿಯ ಸಣ್ಣ ವಿಮಾನದಲ್ಲಿ ಬರೇ ಹಿಂದಕ್ಕೆ ವಾಲುವ ಕುರ್ಚಿ ಸಿಗುವ ದಾರಿಯಲ್ಲಿ, ಇಲ್ಲಿ ಪೂರ್ಣ ಮಂಚವೇ ಸಿಗುತ್ತದೆ.

ಮಂಚವೆಂದಾಗ ಒಂದು ಎಚ್ಚರಿಕೆ. 'ಬಿಸಿನೆಸ್ ಕ್ಲಾಸ್' ಎಂಬ ಹೆಸರನ್ನು ನಂಬಿ ಹಣ ಕೊಡಬಾರದು. ಯಾವ ಮಾದರಿಯ ವಿಮಾನ, ಸೀಟು ಪೂರ್ತಿ ಚಪ್ಪಟೆಯಾಗುತ್ತದೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಜಪಾನಿನ ಜಿಪ್‌ಏರ್ ಅಗ್ಗದ ಕಂಪೆನಿಯಾದರೂ ಅದರ ಮೇಲ್ದರ್ಜೆಯ ಸೀಟು ಪೂರ್ತಿ ಚಪ್ಪಟೆಯಾಗುತ್ತದೆ. ಊಟ, ಸತ್ಕಾರ ಎಲ್ಲಕ್ಕೂ ಪ್ರತ್ಯೇಕ ಹಣ. ಬ್ಯಾಂಕಾಕ್, ಸಿಂಗಾಪುರಗಳಿಂದ ನಾರಿತಾಕ್ಕೆ ಅದು ಹೋಗುತ್ತದೆ. ಮೊಣಕಾಲಿಗೆ ಬೇಕಾದದ್ದು ಮಂಚ; ದ್ರಾಕ್ಷಾರಸವಲ್ಲ. ಅಂತೆಯೇ ಹಗಲಿನ ನಾಲ್ಕು ಗಂಟೆಯ ಪ್ರಯಾಣಕ್ಕೆ ಮೇಲ್ದರ್ಜೆ ಕೊಳ್ಳುವುದು ನಮ್ಮ ದೃಷ್ಟಿಯಲ್ಲಿ ದುಂದು. ಮೊದಲ ತುಂಡಿಗೆ ಇಕಾನಮಿ, ರಾತ್ರಿಯ ದೀರ್ಘ ತುಂಡಿಗೆ ಮಾತ್ರ ಮೇಲ್ದರ್ಜೆ ಎಂದು ಬೆರಸಿ ಕೊಡಲು ಏಜೆಂಟರನ್ನು ಕೇಳಬಹುದು. ಇಕಾನಮಿ ಟಿಕೇಟು ಕೊಂಡ ಮೇಲೆ ಖಾಲಿ ಉಳಿದ ಮೇಲ್ದರ್ಜೆಯ ಸೀಟಿಗೆ ಹರಾಜು ಕೂಗಲು ಬಿಡುವ ಕಂಪೆನಿಗಳೂ ಇವೆ. ಆದರೆ ಸಿಕ್ಕರೆ ಸಿಕ್ಕಿತು ಎಂಬ ಈ ದಾರಿ ಕಾಲುನೋವಿನ ಹಿರಿಯರಿಗೆ ಹೇಳಿದ್ದಲ್ಲ.

ಇನ್ನು ಕೊಲಂಬೊ ಅಗ್ಗವೆಂದು ಕೇಳಿದೊಡನೆ ಹೊರಟುಬಿಡುವವರಿಗೆ ಎರಡು ಮಾತು. ಕೊಚ್ಚಿಯಿಂದ ಕೊಲಂಬೊಗೆ ಪ್ರತ್ಯೇಕ ಟಿಕೇಟು ಕೊಂಡು ಹೋದಾಗ ಆ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಎರಡನೆಯ ಕಂಪೆನಿಗೆ ಯಾವ ಹೊಣೆಯೂ ಇಲ್ಲ. ಸಾಮಾನು ಇಳಿಸಿಕೊಳ್ಳಬೇಕು, ಅಲ್ಲಿನ ಪ್ರವೇಶಾನುಮತಿ ಬೇಕು, ಒಂದು ರಾತ್ರಿಯಾದರೂ ಅಲ್ಲಿ ತಂಗಬೇಕು. ಹಿಂದಿರುಗುವಾಗಲೂ ಕೊಲಂಬೊಗೇ ಬಂದಿಳಿಯಬೇಕು. ಟಿಕೇಟಿನ ಮೊದಲ ತುಂಡನ್ನು ಬಿಟ್ಟು ನಡುವೆ ಹತ್ತುತ್ತೇನೆಂದರೆ ಉಳಿದದ್ದೆಲ್ಲ ರದ್ದಾಗುತ್ತದೆ. ಈ ಖರ್ಚು, ಓಡಾಟಗಳನ್ನು ಕೂಡಿಸಿ ನೋಡಿದರೆ ಒಬ್ಬ ವೃದ್ಧೆಯ ಪ್ರಯಾಣಕ್ಕೆ ಕೊಲಂಬೊ ತಕ್ಕುದಲ್ಲ. ಗಟ್ಟಿಮುಟ್ಟಾದ ದಂಪತಿಗಳಿಗೆ, ಅದೂ ದೂರದ ಪ್ರಯಾಣಕ್ಕೆ, ಲಾಭವಾದೀತು.

ನಮ್ಮ ಓದುಗರಿಗೆ ನಾವು ಹೇಳಿದ್ದು: ಬೆಂಗಳೂರು ಮತ್ತು ಕೊಚ್ಚಿ ಎರಡೂ ಕಡೆಯ ದರವನ್ನು, ಹೋಗುವ ದಿನವನ್ನು ನಾಲ್ಕು ದಿನ ಹಿಂದೆ ಮುಂದೆ ಮಾಡಿ, ವಿಚಾರಿಸಿರಿ. ಮಂಗಳೂರಿನಿಂದ ಟೋಕಿಯೋದವರೆಗೆ ಒಂದೇ ಟಿಕೇಟಿನಲ್ಲಿ ಸಿಕ್ಕುವುದಾದರೆ ಸ್ವಲ್ಪ ಹೆಚ್ಚಾದರೂ ಅದನ್ನೇ ಕೊಳ್ಳಿರಿ. ನಡುವೆ ವಿಮಾನ ತಪ್ಪಿದರೆ ಮುಂದಿನ ವ್ಯವಸ್ಥೆ ಕಂಪೆನಿಯದೇ. ಗಾಲಿಕುರ್ಚಿಯನ್ನು ಟಿಕೇಟು ಕೊಳ್ಳುವಾಗಲೇ ಕೇಳಿರಿ, ಅದಕ್ಕೆ ಮೇಲ್ದರ್ಜೆ ಬೇಕಾಗಿಲ್ಲ.

ಅವರು ಎದ್ದು ಹೋಗುವಾಗ ಕೇಳಿದ ಇನ್ನೊಂದು ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಸುಲಭದ ಉತ್ತರವಿರಲಿಲ್ಲ: ಎರಡು ವಿಮಾನ ನಿಲ್ದಾಣಗಳ ನಡುವೆ ಬದುಕುವ ನಾವು ಯಾಕೆ ಬೆಂಗಳೂರು, ಕೊಚ್ಚಿ ಎಂದು ಅಲೆಯಬೇಕು? ಮಂಗಳೂರಿನ ಓಡುದಾರಿ 2,450 ಮೀಟರ್, ಅದೂ ಗುಡ್ಡದ ತಲೆಯ ಮೇಲೆ. ದೊಡ್ಡ ವಿಮಾನ ಅಲ್ಲಿಗೆ ಒಗ್ಗದು. ಕಣ್ಣೂರಿನದು 3,050 ಮೀಟರ್, ದೊಡ್ಡ ವಿಮಾನಕ್ಕೆ ಸಾಕಷ್ಟು ಉದ್ದ. 2018ರ ಡಿಸೆಂಬರ್ 9ರಂದು ತೆರೆದ ಆ ನಿಲ್ದಾಣಕ್ಕೆ ವಿದೇಶಿ ಕಂಪೆನಿಗಳು ಬಂದಿಳಿಯಲು ಬೇಕಾದ 'ಪಾಯಿಂಟ್ ಆಫ್ ಕಾಲ್' ಮನ್ನಣೆಯನ್ನು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅಲ್ಲಿಂದ ಹಾರುತ್ತಿದ್ದ ಗೋ ಫಸ್ಟ್ ಕಂಪೆನಿಯೂ 2023ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು. ಪೈಪೋಟಿ ಇಲ್ಲದಲ್ಲಿ ದರ ಇಳಿಯದು ಎಂಬ ಮೇಲಿನ ಲೆಕ್ಕ ಕೊಲಂಬೊಗೆ ಹೇಗೋ ಕಣ್ಣೂರಿಗೂ ಹಾಗೆಯೇ. ಸದ್ಯಕ್ಕೆ ಟೋಕಿಯೋ ಪ್ರಯಾಣದ ಮೊದಲ ಖರ್ಚು ಎರ್ನಾಕುಳಂಗೆ ಹೋಗುವ ರೈಲಿನದು, ಇಲ್ಲವೇ ಮಂಗಳೂರಿನಿಂದ ಬೆಂಗಳೂರಿಗೆ ಹಾರುವ ವಿಮಾನದ್ದು.