ಮದುವೆಯಾದ ಮೇಲೆ ಏನು ಮಾಡುತ್ತೀರಿ?

ಸಂದರ್ಶನಕ್ಕೆ ಹೊರಟ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಮಿಸ್, ಯಾವ ಸೀರೆ ಉಟ್ಕೊಂಡು ಹೋಗ್ಲಿ?" ಸೋಸಲೆಯ ನಮ್ಮ ಮನೆಯ ಜಗಲಿಯ ಮೇಲೆ ಕೂತು ಕಳೆದ ವರ್ಷವೂ ಒಬ್ಬಳು ಹೀಗೇ ಕೇಳಿದಳು. ಗಣಿತದಲ್ಲಿ ಬಿ.ಎಸ್ಸಿ., ಮೇಲೆ ಬಿ.ಎಡ್. ಮೈಸೂರಿನ ಖಾಸಗಿ ಶಾಲೆಯೊಂದರಿಂದ ಕರೆ ಬಂದಿತ್ತು. ಜೊತೆಗಿದ್ದ ತಾಯಿ ಆಗಲೇ ಪಾಠ ಶುರುಮಾಡಿದ್ದರು: "ಮದುವೆ ವಿಷ್ಯ ಕೇಳಿದ್ರೆ ಸದ್ಯಕ್ಕಿಲ್ಲ ಅಂದ್ಬುಡು. ತಲೆ ತಗ್ಗಿಸ್ಕೊಂಡಿರು."

ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ. ಮೂವತ್ತು ವರ್ಷಗಳ ಹಿಂದೆ ನಾನೂ ಒಂದು ಶಾಲೆಯ ಆಡಳಿತ ಮಂಡಳಿಯ ಮುಂದೆ ಕೂತಿದ್ದೆ. ಪಾಠದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. "ಮದುವೆಯಾದ ಮೇಲೆ ಏನ್ ಮಾಡ್ತೀರಿ? ಹೆರಿಗೆ ರಜ ಅಂತ ಹೊರಟುಬಿಟ್ರೆ?" "ಹಾಗೇನೂ ಆಗೋಲ್ಲ ಸಾರ್" ಎಂದು ಹಲ್ಲು ಗಿಂಜಿದೆ. ಕೆಲಸ ಸಿಕ್ಕಿತು. ಆ ಮಾತು ಮಾತ್ರ ಇಂದಿಗೂ ಗಂಟಲಲ್ಲಿ ಮುಳ್ಳಾಗಿ ಉಳಿದಿದೆ.

ಈ ಪ್ರಶ್ನೆ ಹಳೆಯದು. ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಇದು ಹೆಂಗಸರಿಗೆ ತಕ್ಕ ಸೇವೆಯಲ್ಲವೆಂದು ಸಂದರ್ಶನದಲ್ಲೇ ಅವರ ಮನಸ್ಸು ತಿರುಗಿಸಲು ನೋಡಿದರು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡರು. ಮುಂದೆ ಬಡ್ತಿಯಲ್ಲಿ ಅನ್ಯಾಯವಾದಾಗ ಆಕೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ಸೇವಾ ನಿಯಮಗಳ ಹೆಣ್ಣು-ಗಂಡೆಂಬ ಭೇದವನ್ನು ಕಟುವಾಗಿ ಟೀಕಿಸಿತು. ನಮ್ಮೂರ ಕಡೆಯ ಆಡಳಿತ ಮಂಡಳಿಗಳು ಇಂದೂ ಅದೇ ಮುಚ್ಚಳಿಕೆ ಕೇಳುತ್ತವೆ, ಬಾಯಿಮಾತಿನಲ್ಲಿ.

"ಕೆಲಸ ಬೇಕಾದವರಿಗೆ ಇಷ್ಟು ಹಟ ಯಾಕೆ?" ಎನ್ನುವವರಿದ್ದಾರೆ. ಬಡವರ ಮನೆಗೆ ಸಂಬಳ ದೊಡ್ಡದು, ಒಪ್ಪಿದೆ. ಆದರೆ ಅದೇ ಕೋಣೆಗೆ ಹೋದ ಗಂಡುಹುಡುಗನನ್ನು "ಮಗುವಾದ ಮೇಲೆ ಏನು ಮಾಡ್ತೀಯಪ್ಪಾ?" ಎಂದು ಕೇಳಿದ್ದುಂಟೆ? ಹೆರಿಗೆ ರಜೆ ಯಾರ ಭಿಕ್ಷೆಯೂ ಅಲ್ಲ. 1961ರಲ್ಲೇ ಅದಕ್ಕೆ ಕಾಯ್ದೆ ಬಂತು. 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿತು.

ಅಂದು ಸೀರೆಯ ಮಾತು ಬಿಡಿಸಿ ಆ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟೆ. ಭಿನ್ನರಾಶಿಯಿಂದ ಭಾಗಿಸುವಾಗ ಅದನ್ನು ತಲೆಕೆಳಗು ಮಾಡಿ ಗುಣಿಸುವುದೇಕೆಂದು ಮಗುವಿಗೆ ತಿಳಿಯುವಂತೆ ಹೇಳು ಎಂದೆ. ಮೂರು ಸಂಜೆ ತಡವರಿಸಿದಳು. ನಾಲ್ಕನೆಯ ಸಂಜೆ, ಎರಡು ರೊಟ್ಟಿಯಲ್ಲಿ ಅರ್ಧ ರೊಟ್ಟಿಗಳು ನಾಲ್ಕಿವೆ ಎಂದು ಮುರಿದು ತೋರಿಸಿದಳು. ಮದುವೆಯ ಪ್ರಶ್ನೆಗೂ ಉತ್ತರ ಸಿದ್ಧಮಾಡಿಕೊಂಡೆವು.

ಕೇಳಿಯೇ ಕೇಳಿದರಂತೆ. "ಅದು ನಮ್ಮ ಮನೆ ವಿಷಯ ಸಾರ್. ಪಾಠ ಕೇಳಿ, ಬೋರ್ಡಿನ ಮೇಲೆ ತೋರಿಸ್ತೀನಿ" ಎಂದಳಂತೆ. ತೋರಿಸಿದಳು. ಕೆಲಸವೂ ಸಿಕ್ಕಿತು.

ಎಲ್ಲರಿಗೂ ಹೀಗೇ ಸಿಕ್ಕೀತೆಂದು ನಾನು ಹೇಳಲಾರೆ. ಆದರೆ ತಾಯಂದಿರೇ, ಹೊರಟ ಮಗಳಿಗೆ ಸುಳ್ಳನ್ನು ಬುತ್ತಿ ಕಟ್ಟಿಕೊಡಬೇಡಿ. ಓದಿದ್ದನ್ನು ಇನ್ನೊಮ್ಮೆ ಓದಿಸಿ, ತಲೆಯೆತ್ತಿ ಮಾತಾಡಲು ಹೇಳಿ. ಸೀರೆ ಯಾವುದಾದರೇನು, ಒಗೆದು ಇಸ್ತ್ರಿ ಮಾಡಿದ್ದರೆ ಸಾಕು.