ಅಳತೆಯೂ ಒಂದು ಧರ್ಮ

2025ರ ಸೆಪ್ಟೆಂಬರ್ ಹಾಗೂ ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಮೂತ್ರಪಿಂಡಗಳು ಕೆಟ್ಟು ಅಸುನೀಗಿದ ವಾರ್ತೆಯನ್ನು ನಾವೆಲ್ಲ ಓದಿದ್ದೇವೆ. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್ಪನ್ನು ಅಲ್ಲಿಯ ಔಷಧ ನಿಯಂತ್ರಣ ಇಲಾಖೆ ಪರೀಕ್ಷಿಸಿದಾಗ ಅದರಲ್ಲಿ ಶೇಕಡಾ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇದ್ದದ್ದು ತಿಳಿದುಬಂತು. ಅನುಮತಿಸಿದ ಮಿತಿ ಶೇಕಡಾ 0.1 ಮಾತ್ರ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ಪುಗಳನ್ನು ಬರೆದುಕೊಡಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅವು ತಕ್ಕದ್ದಲ್ಲ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅದೇ ಅಕ್ಟೋಬರಿನಲ್ಲಿ ಸೂಚನೆ ಹೊರಡಿಸಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಎಚ್ಚರಿಕೆ ನೀಡಿತು.

ಅಂದಿನಿಂದ ಭಾನುವಾರದ ಬಲಿಪೂಜೆ ಮುಗಿದ ಮೇಲೆ ತಾಯಂದಿರು ಕೇಳುವ ಪ್ರಶ್ನೆ ಒಂದೇ: "ಫಾದರ್, ಇನ್ನು ಮಗುವಿಗೆ ಯಾವ ಸಿರಪ್ ಕೊಡೋದು?" ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವೈದ್ಯರೇ ಹೊರತು ಗುರುಗಳಲ್ಲ. ಆದರೆ ಆ ಪ್ರಶ್ನೆಯ ಹಿಂದೆ ಮತ್ತೊಂದು ಪ್ರಶ್ನೆ ಅಡಗಿದೆ: ಎಷ್ಟು ಕೊಡುವುದು? ಇದನ್ನು ಕೇಳುವವರು ವಿರಳ.

ಪ್ರಿಯ ಓದುಗ ಬಂಧುಗಳೇ, ಇಲ್ಲಿ ಎರಡು ಬಗೆಯ ಕೇಡುಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಅಗತ್ಯ. ಒಂದು, ಬಾಟಲಿಯೊಳಗೇ ವಿಷವಿರುವುದು. ಛಿಂದ್ವಾಡಾದ ತಾಯಂದಿರು ಎಷ್ಟೇ ಜಾಗರೂಕತೆಯಿಂದ ಅಳೆದಿದ್ದರೂ ಆ ಮಕ್ಕಳನ್ನು ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಅದು ತಯಾರಕನ ಹಾಗೂ ತಪಾಸಣೆಯ ಅಧಿಕಾರ ಹೊತ್ತವರ ಹೊಣೆ, ನ್ಯಾಯದ ವಿಷಯ. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು, 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಹದಿನಾಲ್ಕು ಜೀವಗಳನ್ನು ಬಲಿ ತೆಗೆದುಕೊಂಡಿತು. 2022ರಲ್ಲಿ ಆಫ್ರಿಕದ ಗ್ಯಾಂಬಿಯದಲ್ಲಿ ಸುಮಾರು ಎಪ್ಪತ್ತು ಮಕ್ಕಳ ಸಾವಿಗೆ ಭಾರತದಲ್ಲಿ ತಯಾರಾದ ಸಿರಪ್ಪುಗಳೊಡನೆ ನಂಟಿದೆಯೆಂಬ ಆರೋಪ ಬಂತು. 1937ರ ಪಾಠವನ್ನು ಇನ್ನೂ ಕಲಿಯದಿರುವುದನ್ನು ದುರದೃಷ್ಟವೆಂದು ಕರೆದು ಸುಮ್ಮನಾಗುವುದು ಸಲ್ಲದು.

ಎರಡನೆಯ ಕೇಡು ಶುದ್ಧವಾದ ಬಾಟಲಿಯಿಂದಲೇ ಹುಟ್ಟುತ್ತದೆ. ಅದು ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ, ತನಿಖಾ ಆಯೋಗವನ್ನೂ ಕಾಣುವುದಿಲ್ಲ. ಆದರೆ ಅದು ನಮ್ಮ ಅಡಿಗೆಮನೆಯ ಚಮಚದಲ್ಲಿಯೂ ಆಸ್ಪತ್ರೆಯ ರಾತ್ರಿಪಾಳಿಯ ಸಿರಿಂಜಿನಲ್ಲಿಯೂ ವಾಸಿಸುತ್ತಿದೆ.

ಜ್ವರಕ್ಕೆ ಎಲ್ಲರ ಮನೆಯಲ್ಲಿಯೂ ಇರುವ ಪ್ಯಾರಾಸಿಟಮಾಲನ್ನೇ ತೆಗೆದುಕೊಳ್ಳೋಣ. ತುಮಕೂರಿನ ಔಷಧ ಅಂಗಡಿಯಲ್ಲಿ ಇದರ ದ್ರವರೂಪ ಮೂರು ಬಲಗಳಲ್ಲಿ ದೊರೆಯುತ್ತದೆ. ಹಸುಳೆಗಳ ಡ್ರಾಪ್ಸಿನಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಔಷಧವಿರುತ್ತದೆ. ಸಾಮಾನ್ಯ ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ, ಹೆಚ್ಚು ಬಲದ ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 250 ಮಿಲಿಗ್ರಾಂ. ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಎಂಬುದು ವೈದ್ಯರು ಅನುಸರಿಸುವ ನಿಯಮ. ಹತ್ತು ಕಿಲೋಗ್ರಾಂ ತೂಕದ ಮಗುವಿಗೆ 150 ಮಿಲಿಗ್ರಾಂ ಬರೆದಿದ್ದಾರೆ ಎನ್ನಿ. ನರ್ಸಿಂಗ್ ವಿದ್ಯಾರ್ಥಿನಿ ಮೊದಲ ವರ್ಷದಲ್ಲಿಯೇ ಕಲಿಯುವ ಸೂತ್ರ ಸರಳವಾದುದು: ಬೇಕಾದ ಪ್ರಮಾಣವನ್ನು ಬಾಟಲಿಯಲ್ಲಿರುವ ಬಲದಿಂದ ಭಾಗಿಸಿ, ಆ ಬಲ ಎಷ್ಟು ದ್ರವದಲ್ಲಿದೆಯೋ ಅದರಿಂದ ಗುಣಿಸಬೇಕು. ಹಾಗೆ ಲೆಕ್ಕ ಹಾಕಿದರೆ ಡ್ರಾಪ್ಸ್ ಒಂದೂವರೆ ಮಿಲಿಲೀಟರ್, 125ರ ಸಿರಪ್ ಆರು ಮಿಲಿಲೀಟರ್, 250ರ ಸಿರಪ್ ಮೂರು ಮಿಲಿಲೀಟರ್ ಆಗುತ್ತದೆ. ಔಷಧವೂ ಒಂದೇ, ಮಗುವೂ ಒಂದೇ, ಆದರೆ ಅಳತೆಗಳು ಮೂರು.

ಈಗ, ಸಿರಪ್ ಮುಗಿದು ಮನೆಯಲ್ಲಿ ಡ್ರಾಪ್ಸ್ ಮಾತ್ರ ಉಳಿದಿದೆ. "ಆರು ಎಂ.ಎಲ್." ಎಂಬುದಷ್ಟೇ ನೆನಪಿನಲ್ಲಿರುವ ಅಜ್ಜಿ ಅದನ್ನೇ ಆರು ಮಿಲಿಲೀಟರ್ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು 600 ಮಿಲಿಗ್ರಾಂ, ಅಂದರೆ ನಾಲ್ಕು ಪಟ್ಟು. ಜ್ವರ ಇಳಿಯಲಿಲ್ಲವೆಂದು ಮತ್ತೆಮತ್ತೆ ಹಾಗೆಯೇ ಕುಡಿಸುತ್ತ ಹೋದರೆ ಯಕೃತ್ತಿಗೇ ಪೆಟ್ಟು ಬೀಳುತ್ತದೆ. ಆ ಅಜ್ಜಿಯ ಪ್ರೀತಿಯಲ್ಲಿ ಕೊರತೆಯಿಲ್ಲ. ಕೊರತೆಯಿದ್ದದ್ದು ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದರಲ್ಲಿ.

ಸಕ್ಕರೆ ಕಾಯಿಲೆಯ ಹಿರಿಯರಿರುವ ಮನೆಗಳಲ್ಲಿಯೂ ಇಂಥದೇ ಅಪಾಯವಿದೆ. ನಮ್ಮ ದೇಶದಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ ಹಾಗೂ 100 ಯೂನಿಟ್ ಎಂಬ ಎರಡು ಬಲಗಳಲ್ಲಿ ಬರುತ್ತದೆ, ಎರಡಕ್ಕೂ ಪ್ರತ್ಯೇಕ ಸಿರಿಂಜುಗಳಿವೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದುಕೊಂಡರೆ ದೇಹಕ್ಕೆ ಹೋಗುವುದು 20 ಯೂನಿಟ್ ಅಲ್ಲ, 50 ಯೂನಿಟ್. ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು.

ಗುಬ್ಬಿ ಸೀಮೆಯ ಅಡಿಕೆ ತೋಟದ ರೈತರಿಗೆ ಈ ವಿವೇಕ ಹೊಸದೇನಲ್ಲ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವೆಂದು ತೂಗಿಯೇ ಬೆರೆಸುತ್ತಾರೆ. ಗಿಡಕ್ಕೆ ತೋರುವ ಈ ಎಚ್ಚರ ಮನೆಯ ಕೂಸಿಗೆ ಸಲ್ಲದೆ ಹೋಗುವುದು ಏಕೆ? ದ್ರಾವಣವನ್ನು ನಾವು ಪದಾರ್ಥವೆಂದು ಕಂಡು ತೂಗುತ್ತೇವೆ, ಔಷಧವನ್ನು ಮಾತ್ರ ಪ್ರೀತಿಯೆಂದು ಭಾವಿಸಿ ಸುರಿಯುತ್ತೇವೆ. "ಇನ್ನೊಂದು ಚಮಚ ಹಾಕು, ಬೇಗ ವಾಸಿಯಾಗಲಿ" ಎನ್ನುವ ಮಾತನ್ನು ಯಾವ ಮನೆಯಲ್ಲಿ ಕೇಳಿಲ್ಲ?

ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ಸದ್ಗುಣವನ್ನು ವಿವರಿಸುವಾಗ ಊಟದ ಪ್ರಮಾಣದ ಉದಾಹರಣೆಯನ್ನೇ ಕೊಡುತ್ತಾನೆ. ಹತ್ತು ಪಾಲು ಹೆಚ್ಚಾಯಿತು, ಎರಡು ಕಡಿಮೆಯಾಯಿತು ಎಂದ ಮಾತ್ರಕ್ಕೆ ಆರು ಎಲ್ಲರಿಗೂ ಸರಿಯಾಗುವುದಿಲ್ಲ, ಜಟ್ಟಿ ಮಿಲೋನಿಗೆ ಅದು ಸಾಲದು, ಹೊಸದಾಗಿ ವ್ಯಾಯಾಮಕ್ಕೆ ಇಳಿದವನಿಗೆ ಅದೇ ಹೆಚ್ಚು ಎಂಬುದು ಅವನ ಅಭಿಪ್ರಾಯ. ಸರಿಯಾದುದು ಆಯಾ ವ್ಯಕ್ತಿಗೆ ಸರಿಯಾದುದು. ಸಂತ ಥಾಮಸ್ ಅಕ್ವಿನಾಸರು ಇದನ್ನೇ ಮುಂದುವರಿಸಿ, ವಿವೇಕವೆಂಬ ಸದ್ಗುಣ ಸಾಮಾನ್ಯ ನಿಯಮವನ್ನು ಅರಿತರೆ ಸಾಲದು, ಕಣ್ಣೆದುರಿನ ಬಿಡಿ ಸಂದರ್ಭವನ್ನೂ ಅರಿಯಬೇಕೆಂದು ಬೋಧಿಸಿದರು. ಔಷಧದ ಲೆಕ್ಕ ಎಂಬುದು ಈ ವಿವೇಕದ ಅಭ್ಯಾಸವೇ. ಪಕ್ಕದ ಮನೆಯ ಮಗುವಿಗೆ ಕೊಟ್ಟ ಅಳತೆ ನಮ್ಮ ಮಗುವಿನ ಅಳತೆಯಲ್ಲ, ಕಳೆದ ವರ್ಷದ ಚೀಟಿ ಈ ವರ್ಷದ ತೂಕಕ್ಕೆ ಹೊಂದದು.

ನಮ್ಮ ಕುಟುಂಬಗಳ ಎಷ್ಟೋ ಹೆಣ್ಣುಮಕ್ಕಳು ಶುಶ್ರೂಷೆಯ ವೃತ್ತಿಯಲ್ಲಿದ್ದಾರೆ. ಅವರಿಗೆ ಕಾಲೇಜಿನಲ್ಲಿ ಕಲಿಸುವ ಐದು ಸರಿಗಳನ್ನು ಮನೆಯವರೂ ತಿಳಿದಿರಲಿ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಆದರೆ ಒಬ್ಬಳೇ ನರ್ಸು ಇಡೀ ವಾರ್ಡನ್ನು ನೋಡಿಕೊಳ್ಳುವ ರಾತ್ರಿಯಲ್ಲಿ 1.5ರ ಬಿಂದು ಕಣ್ಣಿಗೆ ಬೀಳದೆ 15 ಆಗಿಬಿಟ್ಟರೆ ಆ ತಪ್ಪು ಅವಳೊಬ್ಬಳದೇ ಎನ್ನಲಾದೀತೆ? ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ಹಾನಿಯನ್ನು ತಗ್ಗಿಸಲು ಜಾಗತಿಕ ಕಾರ್ಯಕ್ರಮವೊಂದನ್ನು ಆರಂಭಿಸಿದಾಗ, ದಣಿವು ಮತ್ತು ಸಿಬ್ಬಂದಿಯ ಕೊರತೆಯನ್ನು ತಪ್ಪುಗಳ ಕಾರಣಗಳಲ್ಲಿ ಸೇರಿಸಿತು. ಅಪಾಯಕಾರಿ ಔಷಧಗಳ ಲೆಕ್ಕವನ್ನು ಇಬ್ಬರು ಪ್ರತ್ಯೇಕವಾಗಿ ಹಾಕಿ ಹೋಲಿಸುವ ಪದ್ಧತಿ ಇರುವುದು ಇದಕ್ಕಾಗಿಯೇ. ಹೋಲಿಸಲು ಎರಡನೆಯವಳೇ ಇಲ್ಲದ ಕಡೆ ಪದ್ಧತಿ ಕಾಗದದಲ್ಲಿಯೇ ಉಳಿಯುತ್ತದೆ. ಅನುಮಾನ ಬಂದಾಗ ಹಿರಿಯರನ್ನು ಕೇಳಿದ ಕಿರಿಯ ನರ್ಸನ್ನು ಗದರುವ ವಾರ್ಡು ರೋಗಿಗೆ ಸುರಕ್ಷಿತವಲ್ಲ. ಮಗಳೇ, ಕೇಳಲು ನಾಚಬೇಡ. ಮತ್ತೊಮ್ಮೆ ಲೆಕ್ಕ ಹಾಕುವುದು ದಡ್ಡತನವಲ್ಲ, ಅದು ನಿನ್ನ ಪ್ರಾರ್ಥನೆಯ ಭಾಗ.

1886ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಸಂತ ಕಮಿಲ್ಲಸರನ್ನೂ ದೇವರ ಸಂತ ಯೊವಾನ್ನರನ್ನೂ ರೋಗಿಗಳ ಪಾಲಕರೆಂದು ಸಾರಿದರು. ಅದೇ ವರ್ಷ ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಸಭೆಯ ಧರ್ಮಭಗಿನಿಯರು ಸಂತ ಮಾರ್ಥಾ ಆಸ್ಪತ್ರೆಯನ್ನು ತೆರೆದರು. ಕನಿಕರದಿಂದ ಹುಟ್ಟಿದ ಇಂಥ ಸೇವೆ ಉಳಿದು ಬೆಳೆದದ್ದು ಕನಿಕರದ ಜೊತೆಗೆ ಶಿಸ್ತೂ ಇದ್ದುದರಿಂದಲೇ.

ಸರ್ಕಾರಕ್ಕೂ ಒಂದು ಮಾತು ಸಲ್ಲುತ್ತದೆ. ಅಮೆರಿಕದ ತಯಾರಕರು 2011ರಲ್ಲಿ ಮಕ್ಕಳ ಪ್ಯಾರಾಸಿಟಮಾಲ್ ದ್ರವವನ್ನು ಐದು ಮಿಲಿಲೀಟರಿಗೆ 160 ಮಿಲಿಗ್ರಾಂ ಎಂಬ ಒಂದೇ ಬಲಕ್ಕೆ ತಂದರು. 2015ರಲ್ಲಿ ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ ದ್ರವ ಔಷಧವನ್ನು ಚಮಚದ ಲೆಕ್ಕದಲ್ಲಿ ಬರೆಯದೆ ಮಿಲಿಲೀಟರಿನಲ್ಲಿಯೇ ಬರೆಯಬೇಕೆಂದಿತು. ನಮ್ಮಲ್ಲಿಯೂ ಬಲಗಳ ಈ ಗೊಂದಲ ತಗ್ಗಬೇಕು, ಪ್ರತಿಯೊಂದು ಬಾಟಲಿಯ ಜೊತೆ ಅಳತೆಯ ಸಿರಿಂಜು ಬರಬೇಕು, ಸೂಚನೆ ಕನ್ನಡದಲ್ಲಿಯೂ ಇರಬೇಕು. ಕುಣಿಗಲ್ಲಿನ ಹಳ್ಳಿಯ ತಾಯಿ ತನಗೆ ಬಾರದ ಭಾಷೆಯ ಸಣ್ಣ ಅಕ್ಷರಗಳಲ್ಲಿ ತನ್ನ ಮಗುವಿನ ಪ್ರಾಣವನ್ನು ಹುಡುಕುವಂತಾಗಬಾರದು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದುದು ಇಷ್ಟು. ಚೀಟಿ ಬರೆಸುವಾಗ ಮಗುವಿನ ತೂಕ ನೋಡಿಸಿ. ಎಷ್ಟು ಮಿಲಿಲೀಟರ್, ಯಾವ ಬಲದ ಬಾಟಲಿಯಿಂದ, ಎಷ್ಟು ಗಂಟೆಗೊಮ್ಮೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅಂಗಡಿಯವರು ಬೇರೆ ಬಾಟಲಿ ಕೊಟ್ಟರೆ ಅಳತೆಯನ್ನು ಮತ್ತೆ ಕೇಳಿ. ಅಡಿಗೆಮನೆಯ ಚಮಚಗಳೆಲ್ಲ ಐದು ಮಿಲಿಲೀಟರ್ ಹಿಡಿಯುವುದಿಲ್ಲ, ಗೆರೆಯಿರುವ ಸಿರಿಂಜನ್ನೇ ಬಳಸಿ. ಔಷಧ ಕುಡಿದ ಮಗುವಿಗೆ ಮೂತ್ರ ಕಡಿಮೆಯಾದರೆ, ವಾಂತಿಯೊಡನೆ ಮಂಕು ಕವಿದರೆ, ಬಾಟಲಿಯನ್ನೂ ತೆಗೆದುಕೊಂಡು ತಡಮಾಡದೆ ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗೋ ತುಮಕೂರಿನ ಜಿಲ್ಲಾ ಆಸ್ಪತ್ರೆಗೋ ಹೋಗಿ.

ಸಂತ ಲೂಕರ ಶುಭಸಂದೇಶದ ದಯಾವಂತ ಸಮಾರಿಯನನ್ನು ನೆನೆಯಿರಿ. ಗಾಯಾಳುವಿನ ಮೇಲೆ ಮರುಕ ಹುಟ್ಟಿದ್ದನ್ನು ನಾವು ಪ್ರತಿ ಸಲವೂ ಕೊಂಡಾಡುತ್ತೇವೆ. ಮರುದಿನ ಅವನು ಛತ್ರದವನ ಕೈಯಲ್ಲಿ ಎರಡು ನಾಣ್ಯಗಳನ್ನು ಎಣಿಸಿಟ್ಟು, ಇನ್ನೂ ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದದ್ದನ್ನು ಮಾತ್ರ ಮರೆಯುತ್ತೇವೆ. ಮರುಗಿದ ಆ ಮನುಷ್ಯನೇ ಲೆಕ್ಕವನ್ನೂ ಇಟ್ಟಿದ್ದನು.